ಜಡಿಮಳೇಲಿ ಡ್ರೈಯರ್ ಓಡಿಸೋರಿಗೆ: ನೀರನ್ನ ಸುತ್ತಿಸಿ ತೆಗೀರಿ, ಕಾಯಿಸಿ ತೆಗೀಬೇಡ್ರಿ

ದಾವಣಗೆರೆ ಬಿಸಿಲಿನ ಊರು, ಇಲ್ಲಿ ಡ್ರೈಯರ್ ಯಾಕ್ರಿ ಅಂತ ಕೇಳೋರು ಆಷಾಢದಲ್ಲಿ ಒಂದ್ ವಾರ ನಮ್ಮನೇಲಿ ಇದ್ದು ನೋಡ್ಬೇಕು. ಮಳೆ ಏನೂ ಜೋರಾಗಿ ಬರಲ್ಲ, ಜಿಟಿಜಿಟಿ ಅಂತ ಮೂರ್ನಾಲ್ಕು ದಿನ ಹಿಡ್ಕಂಡ್ರೆ ಬಿಡಲ್ಲ ಅಷ್ಟೆ. ಮಾಳಿಗೆ ಮೇಲಿನ ತಂತಿ ಖಾಲಿ, ಒಳಗೆ ಬಾಗಿಲ ಮೇಲೆ, ಕುರ್ಚಿ ಮೇಲೆ, ಮಂಚದ ಕಟ್ಟಿನ ಮೇಲೆ ಎಲ್ಲಾ ಒದ್ದೆ ಬಟ್ಟೆ, ಮಕ್ಕಳ ಯೂನಿಫಾರ್ಮ್ ಬೆಳಿಗ್ಗೆ ಎದ್ದು ಮುಟ್ಟಿದ್ರೆ ಇನ್ನೂ ತಣ್ಣಗೆ, ಮನೆ ತುಂಬ ಮುಗ್ಗಲು ವಾಸನೆ. ಮಂಡಕ್ಕಿ ಭಟ್ಟಿ ಹತ್ರ ಇರೋರಿಗೆ ಇನ್ನೊಂದು ಕಷ್ಟ, ಬಿಸಿಲಿದ್ರೂ ಬಿಳಿ ಬಟ್ಟೆ ಹೊರಗೆ ಹಾಕಿದ್ರೆ ಕರಿ ಕೂತ್ಕಳುತ್ತೆ. ಹಂಗಾಗಿ ಈಗ ನಮ್ಮ ಕಡೆನೂ ಡ್ರೈಯರ್ ತಗಳ್ಳೋರು ಜಾಸ್ತಿ ಆಗಿದಾರೆ. ನಾವು ತಗಂಡು ಎರಡು ವರ್ಷ ಆಯ್ತು. ಮೊದಲನೇ ಮಳೆಗಾಲದ ಬಿಲ್ ನೋಡಿದ ಮೇಲೆ ಕೂತು ಒಂದೊಂದೇ ಸರಿ ಮಾಡ್ಕಂಡು ಬಂದೆ, ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಒಂದು ಗೊಂದಲ ಬಿಡಿಸ್ಕಳಣ. ನಮ್ಮಲ್ಲಿ ಡ್ರೈಯರ್ ಅಂದ್ರೆ ಎರಡು. ಸೆಮಿ ಆಟೋಮ್ಯಾಟಿಕ್ ಮಿಷನ್‌ನಲ್ಲಿ ಪಕ್ಕಕ್ಕಿರೋ ಚಿಕ್ಕ ಟಬ್, ಬಟ್ಟೆ ಹಾಕಿ ಮೇಲೆ ಪ್ಲಾಸ್ಟಿಕ್ ತಟ್ಟೆ ಒತ್ತಿ ಕೀ ತಿರುಗಿಸ್ತೀವಲ್ಲ, ಅದನ್ನೂ ಡ್ರೈಯರ್ ಅಂತೀವಿ. ಅದು ಬರೀ ಗಿರಗಿರ ಸುತ್ತಿ ನೀರು ಎಸೆಯುತ್ತೆ, ಬಿಸಿ ಮಾಡಲ್ಲ. ಇನ್ನೊಂದು ನಿಜವಾಗಿ ಬಿಸಿಗಾಳಿ ಬಿಟ್ಟು ಒಣಗಿಸೋದು, ಅದು ಬೇರೆ ಮಿಷನ್ ಆಗಿರಬಹುದು, ಇಲ್ಲ ನಮ್ಮನೇದರ ಥರ ಫ್ರಂಟ್ ಲೋಡ್ ಒಳಗೇ ಸೇರಿರಬಹುದು, ಅಂಗಡಿಯೋರು ವಾಷರ್ ಡ್ರೈಯರ್ ಅಂತಾರೆ. ಕರೆಂಟ್ ತಿನ್ನೋದು ಈ ಎರಡನೇದು. ಅದರ ಖರ್ಚು ಇಳಿಸೋ ದಾರಿ ಇರೋದು ಮಾತ್ರ ಮೊದಲನೇದರ ಕೆಲಸದಲ್ಲಿ, ಅಂದ್ರೆ ಸುತ್ತೋದ್ರಲ್ಲಿ.

ಯಾಕೆ ಅಂದ್ರೆ ಲೆಕ್ಕ ಹಿಂಗೈತೆ. ಒಂದು ಲೀಟರ್ ನೀರನ್ನ ಕಾಯಿಸಿ ಆವಿ ಮಾಡೋಕೆ ಏನೇ ಮಾಡಿದ್ರೂ ಸುಮಾರು 0.65ರಿಂದ 0.7 ಯೂನಿಟ್ ಬೇಕೇ ಬೇಕು, ಅದು ನೀರಿನ ಗುಣ, ಯಾವ ಕಂಪನಿ ಮಿಷನ್ ಆದ್ರೂ ಹೀಟರ್‌ನಿಂದ ಕಾಯಿಸೋ ತನಕ ಬದಲಾಗಲ್ಲ. ಮಿಷನ್ ಮೈ ಬಿಸಿ ಆಗೋದು, ಗಾಳಿ ಸೋರೋದು ಎಲ್ಲಾ ಸೇರಿದ್ರೆ ಲೀಟರಿಗೆ ಹತ್ರಹತ್ರ ಒಂದು ಯೂನಿಟ್ ಅಂತ ಇಟ್ಕಳ್ಳಿ. ಅದೇ ನೀರನ್ನ ಸ್ಪಿನ್ ಮಾಡಿ ತೆಗೆದ್ರೆ? ಮೋಟರ್ ಹತ್ತು ನಿಮಿಷ ತಿರುಗಿದ್ರೂ 0.1 ಯೂನಿಟ್ ಸಹ ಆಗಲ್ಲ. ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಈ ಒಂದು ಮಾತು ತಲೇಲಿ ಇಟ್ಕಂಡ್ರೆ ಉಳಿದದ್ದೆಲ್ಲ ತಾನಾಗೇ ಅರ್ಥ ಆಗುತ್ತೆ.

ಮೊದಲು ಮೀಟರ್ ನೋಡ್ಕಳ್ರಿ

ನಿಮ್ಮ ಮಿಷನ್ ಒಂದು ಸಲಕ್ಕೆ ಎಷ್ಟು ಎಳೆಯುತ್ತೆ ಅಂತ ಗೊತ್ತಿಲ್ದೆ ಏನು ಉಳಿಸಿದ್ರಿ ಅನ್ನೋದೂ ಗೊತ್ತಾಗಲ್ಲ. ಬಟ್ಟೆ ಒಗೆಯೋದು ಮುಗೀಲಿ, ಗೀಸರ್, ನೀರಿನ ಮೋಟರ್, ಇಸ್ತ್ರಿ ಪೆಟ್ಟಿಗೆ ಎಲ್ಲಾ ಬಂದ್ ಇರ್ಲಿ, ಫ್ರಿಜ್ ಒಂದು ಇದ್ರೆ ಪರವಾಗಿಲ್ಲ. ಬೆಸ್ಕಾಂ ಮೀಟರ್ ಪರದೆ ಮೇಲೆ ಒಂದಾದ್ಮೇಲೆ ಒಂದು ಅಂಕಿ ಬರ್ತಾ ಇರ್ತಾವೆ, ಅದರಲ್ಲಿ ಕೆಡಬ್ಲ್ಯೂಎಚ್ (kWh, ಅಂದ್ರೆ ಯೂನಿಟ್) ಅಂತ ಇರೋದನ್ನ ಬರ್ಕಳ್ಳಿ. ಒಣಗಿಸೋದನ್ನ ಮಾತ್ರ ಓಡಿಸಿ, ಮುಗಿದ ತಕ್ಷಣ ಇನ್ನೊಂದ್ಸಲ ಬರ್ಕಳ್ಳಿ. ನಮ್ಮನೇಲಿ ಮೊದಲ ಸಲ ನಾಲ್ಕು ಕೆಜಿ ಬಟ್ಟೆಗೆ 3.6 ಯೂನಿಟ್ ಬಂತು.

3.6 ಅಂದ್ರೆ ಏನ್ ಮಹಾ ಅನ್ನಿಸಬಹುದು, ಯೂನಿಟ್ಟಿಗೆ 6 ರೂಪಾಯಿ ಹಿಡಿದ್ರೂ ಇಪ್ಪತ್ತೊಂದು ಇಪ್ಪತ್ತೆರಡು ರೂಪಾಯಿ. ಆದ್ರೆ ಗೃಹಜ್ಯೋತಿ ಲೆಕ್ಕ ಹಾಕಿ ನೋಡ್ರಿ. 2023ರ ಜುಲೈಯಿಂದ ಜಾರಿಗೆ ಬಂದ ಈ ಯೋಜನೇಲಿ 2022-23ರ ಸರಾಸರಿ ಬಳಕೆ ಮೇಲೆ ಶೇಕಡ 10 ಸೇರಿಸಿ ಒಂದೊಂದು ಮನೆಗೂ ಇಷ್ಟು ಯೂನಿಟ್ ಫ್ರೀ ಅಂತ ಕಟ್ಟಿದ್ರು, ಅದನ್ನ ದಾಟಿದ್ರೆ ದಾಟಿದಷ್ಟಕ್ಕೆ ದುಡ್ಡು, ತಿಂಗಳಿಗೆ 200 ದಾಟಿದ್ರೆ ಪೂರ್ತಿ ಬಿಲ್ ನಮ್ಮದೇ. 165 ಯೂನಿಟ್ ಉರಿಸೋ ಮನೇಲಿ ತಿಂಗಳಿಗೆ ಹನ್ನೆರಡು ಸಲ ಡ್ರೈಯರ್ ಹಾಕಿದ್ರೆ 43 ಯೂನಿಟ್ ಸೇರಿ 208 ಆಗುತ್ತೆ. ಎಂಟು ಯೂನಿಟ್‌ಗೋಸ್ಕರ 208ಕ್ಕೂ ದುಡ್ಡು ಕಟ್ಟೋ ಹಂಗಾಗುತ್ತೆ. ಮಳೆಗಾಲದಲ್ಲಿ ನಮ್ಮನೇಲಿ ಆಗಿದ್ದು ಇದೇ.

ಸ್ಪಿನ್, ಇಲ್ಲೇ ಇರೋದು ಅರ್ಧ ಉಳಿತಾಯ

ನಾಲ್ಕು ಟವೆಲ್ ತಗಂಡೆ, ಮೈ ಒರೆಸೋ ದಪ್ಪ ಕಾಟನ್ ಟವೆಲ್. ಒಣಗಿದ್ದಾಗ ಬಕೆಟ್ಟಿಗೆ ಹಾಕಿ ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿಗೆ ನೇತು ಹಾಕಿದ್ರೆ, ಬಕೆಟ್ ತೂಕ ಕಳೆದು ಎರಡು ಕೆಜಿ. ಒಗೆದು 600 ಸ್ಪಿನ್‌ನಲ್ಲಿ (ಅಂದ್ರೆ ಡ್ರಮ್ ನಿಮಿಷಕ್ಕೆ 600 ಸುತ್ತು) ತೆಗೆದ್ರೆ 3.6 ಕೆಜಿ. ಅವನ್ನೇ ಮತ್ತೆ ನೆನೆಸಿ 1200 ಸ್ಪಿನ್‌ನಲ್ಲಿ ತೆಗೆದ್ರೆ 3.1. ಅರ್ಧ ಲೀಟರ್ ನೀರು ಕಮ್ಮಿ, ಬರೀ ಎರಡು ಕೆಜಿ ಬಟ್ಟೇಲಿ. ನಾಲ್ಕು ಕೆಜಿ ಆದ್ರೆ ಒಂದು ಲೀಟರ್, ಅಂದ್ರೆ ಹತ್ರಹತ್ರ ಒಂದು ಯೂನಿಟ್, ಒಂದು ಬಟನ್ ಒತ್ತಿದ್ದಕ್ಕೆ. ಕೈಯಲ್ಲಿ ಹಿಡಿದ್ರೂ ಗೊತ್ತಾಗುತ್ತೆ, 600ರಲ್ಲಿ ತೆಗೆದ ಟವೆಲ್ಲಿನ ಅಂಚನ್ನ ಹೆಬ್ಬೆರಳಲ್ಲಿ ಒತ್ತಿದ್ರೆ ಬೆರಳ ಸುತ್ತ ನೀರು ಮಿಣುಗುತ್ತೆ, 1200ರಲ್ಲಿ ತೆಗೆದದ್ದು ಒತ್ತಿದ್ರೆ ತಂಪು ಅಷ್ಟೇ, ನೀರು ಕಾಣಲ್ಲ.

ಬಹಳ ಮಿಷನ್‌ಗಳಲ್ಲಿ ಮಾಮೂಲಿ ಪ್ರೋಗ್ರಾಂ ಒತ್ತಿದ್ರೆ 800ಕ್ಕೋ 1000ಕ್ಕೋ ನಿಂತಿರುತ್ತೆ, ನಾವೇ ಏರಿಸ್ಬೇಕು. ಟವೆಲ್, ಬೆಡ್‌ಶೀಟ್, ಬನಿಯನ್, ಲುಂಗಿ, ಪಂಚೆ, ಕಾಟನ್ ನೈಟಿ, ಜೀನ್ಸ್ ಇವಕ್ಕೆ ಮಿಷನ್‌ನಲ್ಲಿರೋ ಅತಿ ಜಾಸ್ತಿ ಸ್ಪಿನ್ ಇಡ್ರಿ. ಪಾಲಿಯೆಸ್ಟರ್, ಸಿಂಥೆಟಿಕ್ ಸೀರೆ, ಸಿಂಥೆಟಿಕ್ ಟೀ ಶರ್ಟ್ ಥರದವು ನೀರು ಹಿಡಿಯೋದೇ ಕಮ್ಮಿ, ಅವಕ್ಕೆ 600, 800 ಸಾಕು, ಜಾಸ್ತಿ ಮಾಡಿದ್ರೆ ಮುದುರು ಬಿದ್ದು ಇಸ್ತ್ರಿಗೆ ಕರೆಂಟ್ ಹೋಗುತ್ತೆ. ರೇಷ್ಮೆ ಸೀರೆ ಈ ಮಾತಿಗೇ ಬರಲ್ಲ, ಅದನ್ನ ಮಿಷನ್ ಹತ್ರನೇ ತರಬೇಡ್ರಿ.

ಸ್ಪಿನ್ ಮುಗಿದ ಮೇಲೆ ಬಟ್ಟೆ ಎಲ್ಲಾ ಡ್ರಮ್ಮಿನ ಗೋಡೆಗೆ ಬಳೆ ಥರ ಅಂಟ್ಕಂಡಿರ್ತಾವೆ. ಹಂಗೇ ಡ್ರೈ ಒತ್ತಬೇಡ್ರಿ. ಬಾಗಿಲು ತೆಗೆದು ಒಂದೊಂದನ್ನ ಬಿಡಿಸಿ ಕೊಡವಿ, ಪ್ಯಾಂಟಿನ ಜೇಬು ಹೊರಗೆ ಎಳೆದು, ಮತ್ತೆ ಸಡಿಲ ಹಾಕಿ ಸ್ಪಿನ್ ಒಂದನ್ನೇ ಇನ್ನೊಂದ್ಸಲ ಓಡಿಸಿ. ಮನೇಲಿ ಹಳೇ ಸೆಮಿ ಆಟೋಮ್ಯಾಟಿಕ್ ಇದ್ರೆ ಅದನ್ನ ಗುಜರಿಗೆ ಹಾಕ್ಬೇಡ್ರಿ, ಅದರ ಸುತ್ತೋ ಟಬ್ ಬಹಳ ಜೋರು, ಎಷ್ಟೋ ಟಾಪ್ ಲೋಡ್‌ಗಿಂತ ಚೆನ್ನಾಗಿ ಹಿಂಡುತ್ತೆ, ಟಾಪ್ ಲೋಡ್‌ನಲ್ಲಿ ಒಗೆದು ಇದರಲ್ಲಿ ಐದು ನಿಮಿಷ ತಿರುಗಿಸೋ ಮನೆಗಳು ನಿಟುವಳ್ಳೀಲೇ ಎಷ್ಟೋ ಅದಾವೆ. ಅದು ಪೂರ್ತಿ ನಿಲ್ಲೋ ತನಕ ಕೈ ಹಾಕ್ಬೇಡ್ರಿ, ಮಕ್ಕಳಿರೋ ಮನೇಲಂತೂ ನಿಮ್ಮ ಮುಂದೆನೇ ತಿರುಗಲಿ.

ಆಮೇಲೆ ಗಾಳಿಗೆ ಕೊಡ್ರಿ, ಮಿಷನ್‌ಗೆ ಕೊನೇಲಿ

ನಮ್ಮಕ್ಕನ ಮನೆ ಚಿತ್ರದುರ್ಗದಲ್ಲಿ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ತಿರುಗೋದು ಎಲ್ಲಾರೂ ನೋಡಿರ್ತೀರಿ, ಅಂಥ ಗಾಳಿ ಇರೋ ಊರಲ್ಲಿ ಮೋಡ ಮುಚ್ಚಿದ್ರೂ ಬಟ್ಟೆ ಒಣಗುತ್ತೆ, ಬಿಸಿಲೇ ಬೇಕು ಅಂತಿಲ್ಲ. ಅಕ್ಕ ಒಂದು ತಂತಿ ಬದಲು ಎರಡು ತಂತಿ ಹೊಸೆದು, ಅದರ ಹೊಸೆದ ಸಂದಿಗೆ ಬಟ್ಟೆ ತುದಿ ಸಿಗಿಸ್ತಾಳೆ, ಕ್ಲಿಪ್ ಹಾರಿದ್ರೂ ಬಟ್ಟೆ ಹಾರಲ್ಲ. ದಾವಣಗೆರೇಲಿ ಅಷ್ಟು ಗಾಳಿ ಇಲ್ಲ ನಿಜ, ಆದ್ರೂ ಸಜ್ಜದ ಕೆಳಗೆ, ಪೋರ್ಟಿಕೋದಲ್ಲಿ, ಮೆಟ್ಲು ಮೇಲೆ ಶೀಟ್ ಹಾಕಿರೋ ಜಾಗದಲ್ಲಿ ಎರಡು ಮೂರು ತಾಸು ಹಾಕಿದ್ರೆ ಎಷ್ಟೋ ನೀರು ಪುಕ್ಕಟೆ ಹೋಗುತ್ತೆ.

ಹೊರಗೆ ಜಾಗ ಇಲ್ಲ ಅಂದ್ರೆ ಒಳಗೆ ಸ್ಟ್ಯಾಂಡ್ ಇಟ್ಟು ಫ್ಯಾನ್ ಹಾಕ್ರಿ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್, ಎಂಟು ತಾಸು ಓಡಿದ್ರೆ 0.6 ಯೂನಿಟ್. ಈಗಿನ ಬಿಎಲ್‌ಡಿಸಿ ಫ್ಯಾನ್ (ಕಮ್ಮಿ ಕರೆಂಟ್ ತಿನ್ನೋ ಮೋಟರ್ ಇರೋದು) ಮೂವತ್ತು ವ್ಯಾಟ್ ಆಸುಪಾಸು, ಎಂಟು ತಾಸಿಗೆ ಕಾಲು ಯೂನಿಟ್. ಡ್ರೈಯರ್ 3.6 ಎಲ್ಲಿ, ಇದೆಲ್ಲಿ. ಎರಡು ವಿಷಯ ಮಾತ್ರ ಮರೀಬೇಡ್ರಿ, ಬಟ್ಟೆ ಬಟ್ಟೆ ಮಧ್ಯೆ ನಾಲ್ಕು ಬೆರಳು ಜಾಗ ಬಿಡ್ರಿ, ಮತ್ತೆ ಒಂದು ಕಿಟಕಿ ಸ್ವಲ್ಪ ತೆರೆದಿಡ್ರಿ. ಮುಚ್ಚಿದ ರೂಮಲ್ಲಿ ಬಟ್ಟೆಯಿಂದ ಬಿಟ್ಟ ನೀರು ಗಾಳೀಲೇ ಉಳಿಯುತ್ತೆ, ಒಂದು ಹೊತ್ತಿಗೆ ಆ ಗಾಳಿ ಇನ್ನ ಹೀರ್ಕಳಲ್ಲ, ಆಗ ಬಟ್ಟೆನೂ ಒಣಗಲ್ಲ, ಗೋಡೆ ಮೂಲೆಗೂ ಬೂಷ್ಟು ಬರುತ್ತೆ.

ಹಿಂಗೆ ಮುಕ್ಕಾಲು ಒಣಗಿದ ಬಟ್ಟೇನ ಕೊನೇಲಿ ಇಪ್ಪತ್ತು ಮೂವತ್ತು ನಿಮಿಷ ಡ್ರೈಯರ್‌ಗೆ ಹಾಕಿದ್ರೆ ಸೊಂಟದ ಪಟ್ಟಿ, ಕಾಲರ್, ಜೇಬಿನ ಮೂಲೆ, ಗಾಳಿಗೆ ಒಣಗದೆ ಸತಾಯಿಸೋ ಜಾಗಗಳೆಲ್ಲ ಒಣಗ್ತಾವೆ. ಡ್ರೈಯರ್ ಇರೋದು ಈ ಕೆಲಸಕ್ಕೆ ಅಂತ ನನ್ನ ಅಭಿಪ್ರಾಯ. ತೊಟ್ಟಿಕ್ಕೋ ಬಟ್ಟೇನ ಮೊದಲಿಂದ ಕೊನೇವರೆಗೂ ಅದರಲ್ಲೇ ಒಣಗಿಸೋದು ನಾಳೆ ಬೆಳಿಗ್ಗೆನೇ ಬೇಕು ಅನ್ನೋ ಬಟ್ಟೆಗೆ ಮಾತ್ರ ಇರ್ಲಿ.

ತುಂಬೋ ರೀತಿ

8 ಕೆಜಿ ಮಿಷನ್ ಅಂತ ಬರೆದಿದ್ರೆ ಅದು ಒಗೆಯೋ ಲೆಕ್ಕ. ವಾಷರ್ ಡ್ರೈಯರ್‌ಗಳಲ್ಲಿ ಒಣಗಿಸೋ ಲೆಕ್ಕ ಬೇರೆ, 8ಕ್ಕೆ 5 ಹಿಂಗಿರುತ್ತೆ, ಮಿಷನ್ ಮುಂದೆನೇ ಅಂಟಿಸಿರ್ತಾರೆ. ಒಗೆದಷ್ಟನ್ನೂ ಒಣಗೋಕೆ ಬಿಟ್ರೆ ಬಟ್ಟೆ ಉಂಡೆ ಕಟ್ಟಿ ಹೊರಗೆ ಬೆಚ್ಚಗೆ ಒಳಗೆ ಒದ್ದೆ, ಮತ್ತೆ ಇನ್ನೊಂದು ರೌಂಡ್. ಅರ್ಧ ತೆಗೆದು ಸ್ಟ್ಯಾಂಡಿಗೆ ಹಾಕ್ರಿ. ಹಂಗಂತ ಎರಡು ಬನಿಯನ್ನಿಗೂ ಓಡಿಸಬೇಡ್ರಿ. ದಪ್ಪದ್ದು ದಪ್ಪದ್ದರ ಜೊತೆ, ತೆಳುವಾದದ್ದು ತೆಳುವಾದದ್ದರ ಜೊತೆ, ಒಂದು ಜೀನ್ಸ್ ಸೇರಿದ್ರೆ ಅದು ಒಣಗೋ ತನಕ ಉಳಿದ ಹತ್ತು ಶರ್ಟು ಸುಮ್ನೆ ಸುಡ್ತಾ ಇರ್ತಾವೆ. ಎರಡು ಲೋಡ್ ಇದ್ರೆ ಒಂದರ ಹಿಂದೆ ಒಂದು ಹಾಕ್ರಿ, ಮಿಷನ್ ಮೈ ಆಗ್ಲೇ ಬಿಸಿ ಇರುತ್ತೆ.

ಅತಿ ಒಣಗಿಸಬೇಡ್ರಿ: ಮಿಲ್ಲಿನೋರು ಹೇಳೋ ಮಾತು

ನಮ್ಮ ಅಪ್ಪಾಜಿ ಇಲ್ಲಿನ ಕಾಟನ್ ಮಿಲ್ಲಲ್ಲಿ ಕೆಲಸ ಮಾಡಿದೋರು, ದಾವಣಗೆರೇನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದೋರು. ಡ್ರೈಯರ್‌ನಿಂದ ತೆಗೆದ ಟವೆಲ್ ಮುಟ್ಟಿ ನೋಡಿ ಅವರು ಹೇಳಿದ್ದು, ಇದರ ಜೀವ ತೆಗೆದಿದೀರಿ, ಹತ್ತಿಗೆ ನೀರು ಬೇಕು ಅಂತ. ಮಿಲ್ಲಲ್ಲಿ ನೂಲು ಒಣಗಿ ಹರೀಬಾರ್ದು ಅಂತ ಗಾಳಿಗೇ ನೀರಿನ ಹನಿ ಬಿಡ್ತಿದ್ರಂತೆ. ಹತ್ತಿ ನಾವು ಒಣಗಿದೆ ಅಂದ್ಕಳ್ಳೋ ಹೊತ್ತಲ್ಲೂ ತನ್ನ ತೂಕದ ಶೇಕಡ 7, 8ರಷ್ಟು ನೀರು ಹಿಡ್ಕಂಡೇ ಇರುತ್ತೆ, ನೂಲಿನ ವ್ಯಾಪಾರದಲ್ಲಿ ಇದಕ್ಕೆ 8.5 ಅಂತ ಲೆಕ್ಕನೇ ಐತೆ. ಅದಕ್ಕಿಂತ ಕೆಳಗೆ ಒಣಗಿಸಿದ್ರೆ ಬೀರುವಿಗೆ ಇಡೋದ್ರೊಳಗೆ ಗಾಳಿಯಿಂದ ಆ ನೀರನ್ನ ವಾಪಸ್ ಎಳ್ಕಳುತ್ತೆ. ಅಂದ್ರೆ ಆ ಕೊನೇ ಅರ್ಧ ತಾಸಿನ ಕರೆಂಟ್ ಪೂರ್ತಿ ದಂಡ, ಜೊತೆಗೆ ಬಟ್ಟೆನೂ ಒರಟಾಗಿ ಬೇಗ ಸವೆಯುತ್ತೆ.

ಆದ್ರಿಂದ ಟೈಮ್ ಇಟ್ಟು ಓಡಿಸೋ ಬದಲು ಸೆನ್ಸರ್ ಇರೋ ಆಟೋ ಪ್ರೋಗ್ರಾಂ ಆರಿಸ್ರಿ. ಅದರಲ್ಲಿ ಐರನ್ ಡ್ರೈ, ಕಪ್‌ಬೋರ್ಡ್ ಡ್ರೈ, ಎಕ್ಸ್‌ಟ್ರಾ ಡ್ರೈ ಅಂತ ಇರ್ತಾವೆ. ಇಸ್ತ್ರಿ ಮಾಡೋ ಬಟ್ಟೆಗೆ ಐರನ್ ಡ್ರೈ ಸಾಕು, ಸ್ವಲ್ಪ ತೇವ ಇರುತ್ತೆ, ಇಸ್ತ್ರಿಗೆ ನೀರು ಚಿಮುಕಿಸೋ ಕೆಲಸನೂ ತಪ್ಪುತ್ತೆ. ಎಕ್ಸ್‌ಟ್ರಾ ಡ್ರೈ ನಮ್ಮ ಹವಾಕ್ಕೆ ಬೇಡವೇ ಬೇಡ. ಒಣಗಿದ್ಯಾ ಅಂತ ನೋಡೋಕೆ ನಮ್ಮವ್ವ ಮಾಡೋ ರೀತಿ ಚೆನ್ನಾಗೈತೆ, ಬಟ್ಟೆ ತೆಗೆದು ಎರಡು ಸಲ ಕೊಡವಿ ಬಿಸಿ ಆರಿದ ಮೇಲೆ ಹೊಲಿಗೆ ಜಾಗಾನ ಕೆನ್ನೆಗೆ ಒತ್ತಿ ನೋಡೋದು. ಬಿಸಿ ಇದ್ದಾಗ ಮುಟ್ಟಿದ್ರೆ ಏನೂ ಗೊತ್ತಾಗಲ್ಲ.

ಸೆನ್ಸರ್ ಅಂದ್ರೆ ಡ್ರಮ್ ಒಳಗೆ ಬಾಗಿಲ ಹತ್ರ ಇರೋ ಎರಡು ಸಣ್ಣ ಲೋಹದ ಪಟ್ಟಿ, ಎಲ್ಲಾ ಮಿಷನ್‌ನಲ್ಲಿ ಇರಲ್ಲ, ಇದ್ರೆ ತಿಂಗಳಿಗೊಂದು ಸಲ ವಿನೆಗರ್ ಹಚ್ಚಿದ ಬಟ್ಟೇಲಿ ಒರೆಸ್ರಿ. ನಮ್ಮ ಕಡೆ ಬೋರ್‌ವೆಲ್ ಗಡಸು ನೀರು, ಮೇಲೆ ಕಂಫರ್ಟ್ ಥರದ್ದು ಬೇರೆ ಹಾಕ್ತೀವಿ, ಎರಡೂ ಸೇರಿ ಪಟ್ಟಿ ಮೇಲೆ ಪೊರೆ ಕಟ್ಟಿದ್ರೆ ಸೆನ್ಸರ್ ಲೆಕ್ಕ ತಪ್ಪುತ್ತೆ.

ಹತ್ತಿ ಧೂಳು

ಡ್ರೈಯರ್ ಬೇರೆ ಮಿಷನ್ ಆಗಿ ಇರೋರು ಪ್ರತಿ ಲೋಡ್ ಆದ್ಮೇಲೂ ಬಾಗಿಲ ಹತ್ರದ ಜಾಲರಿ ತೆಗೆದು ಅದರ ಮೇಲೆ ಕೂತ ಧೂಳಿನ ಪದರ ಎತ್ತಿ ಬಿಸಾಕ್ಬೇಕು, ವಾರಕ್ಕೊಂದು ಸಲ ಅಲ್ಲ, ಪ್ರತಿ ಸಲ. ಗಾಳಿ ಓಡಾಡದಿದ್ರೆ ಒಣಗೋ ಟೈಮ್ ಜಾಸ್ತಿ, ಜೊತೆಗೆ ಆ ಧೂಳು ಬೇಗ ಬೆಂಕಿ ಹಿಡಿಯೋ ವಸ್ತು. ವಾಷರ್ ಡ್ರೈಯರ್‌ಗಳಲ್ಲಿ ಬಹಳಷ್ಟಕ್ಕೆ ಇಂಥ ಜಾಲರಿನೇ ಇರಲ್ಲ, ಧೂಳು ನೀರಿನ ಜೊತೆ ಹೋಗ್ಲಿ ಅಂತ ಮಾಡಿರ್ತಾರೆ, ಆದ್ರೆ ಪೂರ್ತಿ ಹೋಗಲ್ಲ. ನಮ್ಮ ಮಿಷನ್ ಒಂದು ವರ್ಷ ಆಗೋದ್ರೊಳಗೆ ಐದು ತಾಸು ತಗಳ್ಳೋಕೆ ಶುರು ಮಾಡ್ತು, ಬಟ್ಟೆ ಆದ್ರೂ ಒದ್ದೆ. ರಿಪೇರಿಗೆ ಬಂದ ಹುಡುಗ ಮೇಲಿನ ಮುಚ್ಚಳ ಬಿಚ್ಚಿ ಗಾಳಿ ಹೋಗೋ ದಾರಿಯಿಂದ ಬೂದು ಬಣ್ಣದ ಮುದ್ದೆ ತೆಗೆದ, ಕೈ ತುಂಬ, ಒತ್ತಿದ್ರೆ ನೆನೆಸಿದ ಕಾಗದದ ಥರ. ಮಾರಿದ ಅಂಗಡಿಯೋರು ಇದನ್ನ ಒಂದು ಮಾತು ಹೇಳಿದ್ರೆ ಸಾಕಿತ್ತು, ನಾಲ್ಕು ತಿಂಗಳ ಕರೆಂಟ್ ಉಳೀತಿತ್ತು. ಈಗ ಮಾಡ್ತಿರೋದು ಇಷ್ಟು: ಟವೆಲ್, ಬೆಡ್‌ಶೀಟ್ ಒಣಗಿಸಿದ ಮೇಲೆ ಖಾಲಿ ಡ್ರಮ್ಮಿಗೆ ಒಂದು ರಿನ್ಸ್, ಬಾಗಿಲ ರಬ್ಬರ್ ಮಡಿಕೆ ಬೆರಳು ಹಾಕಿ ಒರೆಸೋದು, ತಿಂಗಳಿಗೊಂದು ಸಲ ಕೆಳಗಿನ ಡ್ರೈನ್ ಫಿಲ್ಟರ್ ತಿರುಗಿಸಿ ತೊಳೆಯೋದು. ಆಮೇಲೆ ಇನ್ನೊಂದ್ಸಲ ಆ ತೊಂದ್ರೆ ಬಂದಿಲ್ಲ.

ಬಿಸಿಗಾಳಿ ಪೈಪಲ್ಲಿ ಹೊರಗೆ ಬಿಡೋ ಮಿಷನ್ ಇದ್ರೆ ಪೈಪ್ ಗಿಡ್ಡ ಇರ್ಲಿ, ನೆಟ್ಟಗಿರ್ಲಿ, ಒಳಮೈ ನುಣುಪಾಗಿರೋ ಲೋಹದ್ದಿರ್ಲಿ. ಸೊಳ್ಳೆ ಬರುತ್ತೆ ಅಂತ ತುದಿಗೆ ಸೊಳ್ಳೆ ಜಾಲರಿ ಕಟ್ತಾರೆ ಕೆಲವರು, ಹತ್ತು ಲೋಡ್‌ನಲ್ಲಿ ಅದು ಧೂಳಿಂದ ಮುಚ್ಚಿ ಹೋಗುತ್ತೆ, ಬದಲಿಗೆ ಗಾಳಿ ತಳ್ಳಿದಾಗ ತಾನೇ ತೆರೆಯೋ ಮುಚ್ಚಳ ಹಾಕಿಸ್ರಿ.

ನಲ್ಲಿ ವಿಷಯ ಒಂದು. ಕೆಲವು ವಾಷರ್ ಡ್ರೈಯರ್‌ಗಳು ಒಣಗಿಸುವಾಗಲೂ ತಣ್ಣೀರು ಎಳ್ಕತಾವೆ, ಒಳಗಿನ ಆವೀನ ಮತ್ತೆ ನೀರು ಮಾಡೋಕೆ. ಒಗೆದಾಯ್ತು ಅಂತ ನಲ್ಲಿ ಬಂದ್ ಮಾಡಿದ್ರೆ ಆವಿ ಒಳಗೇ ಸುತ್ತುತ್ತೆ, ತಾಸುಗಟ್ಟಲೆ ಓಡಿದ್ರೂ ಒಣಗಲ್ಲ. ಮಿಷನ್ ಜೊತೆ ಬಂದ ಪುಸ್ತಕ ನೋಡಿ ನಿಮ್ಮದು ಯಾವ ಥರ ಅಂತ ತಿಳ್ಕಳ್ಳಿ. ವೋಲ್ಟೇಜ್ ಕಮ್ಮಿ ಇರೋ ಹೊತ್ತಲ್ಲೂ ಓಡಿಸಬೇಡ್ರಿ, 230 ಇರೋ ಕಡೆ 200 ಬಂದ್ರೆ ಹೀಟರ್ ಶಕ್ತಿ ಕಾಲು ಭಾಗ ಇಳಿಯುತ್ತೆ, ಕರೆಂಟ್ ಉಳೀತು ಅಂತ ಅಲ್ಲ, ಅಷ್ಟು ಜಾಸ್ತಿ ಹೊತ್ತು ಓಡುತ್ತೆ.

ಹೊಸದು ತಗಳ್ಳೋರಿಗೆ

ವರ್ಷದಲ್ಲಿ ಎರಡು ತಿಂಗಳ ಮಳೆಗೋಸ್ಕರ ಆದ್ರೆ ಡ್ರೈಯರ್ ಬೇಡ, 1200 ಇಲ್ಲ 1400 ಸ್ಪಿನ್ ಇರೋ ಫ್ರಂಟ್ ಲೋಡ್, ಒಂದು ಒಳ್ಳೇ ಸ್ಟ್ಯಾಂಡು, ಒಂದು ಬಿಎಲ್‌ಡಿಸಿ ಫ್ಯಾನ್ ಸಾಕು. ಚಿಕ್ಕ ಮಗು ಐತೆ, ಹಾಸಿಗೆ ಹಿಡಿದ ಹಿರಿಯರು ಅದಾರೆ, ವರ್ಷಪೂರ್ತಿ ಬೇಕು ಅನ್ನೋರು ಹೀಟ್ ಪಂಪ್ ಡ್ರೈಯರ್ ಕೇಳ್ರಿ. ಅದರಲ್ಲಿ ಎಸಿ ಒಳಗಿರೋ ಥರ ಕಂಪ್ರೆಸರ್ ಇರುತ್ತೆ, ಒದ್ದೆ ಗಾಳಿ ತಣ್ಣನೆ ಕಾಯಿಲ್ ಮೇಲೆ ಹಾದಾಗ ನೀರು ಇಳಿಯುತ್ತೆ, ಆಗ ಬಿಟ್ಟ ಶಾಖನೇ ಬಿಸಿ ಕಾಯಿಲ್ಲಿಗೆ ಹೋಗಿ ಅದೇ ಗಾಳೀನ ಮತ್ತೆ ಕಾಯಿಸುತ್ತೆ, ಶಾಖ ಹೊರಗೆ ಬಿಸಾಕಲ್ಲ. ಹಂಗಾಗಿ ಅದೇ ಬಟ್ಟೆಗೆ ಹೀಟರ್ ಡ್ರೈಯರ್‌ನ ಅರ್ಧದಷ್ಟೇ ಕರೆಂಟ್. ರೇಟ್ ಜಾಸ್ತಿ, ಟೈಮೂ ಜಾಸ್ತಿ, ಆದ್ರೆ ಬಿಸಿ ಕಮ್ಮಿ ಇರೋದ್ರಿಂದ ಬಟ್ಟೆ ಬಾಳಿಕೆ ಬರುತ್ತೆ. ಗಾಳಿ ಆಡೋ ಜಾಗದಲ್ಲಿ ಇಡ್ರಿ, ಮುಚ್ಚಿದ ಬಚ್ಚಲಲ್ಲಿ ಬೇಡ. ಅದರ ಟ್ಯಾಂಕಲ್ಲಿ ಶೇಖರ ಆಗೋ ನೀರು ಇನ್ವರ್ಟರ್ ಬ್ಯಾಟರಿಗೆ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡ್ರಿ, ಧೂಳು, ಸೋಪಿನ ಅಂಶ ಇರುತ್ತೆ, ನೆಲ ಒರೆಸೋಕೆ ಬಳಸ್ರಿ. ಯಾವುದೇ ತಗಂಡ್ರೂ 16 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು, ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕ್ಲೇಬೇಡ್ರಿ.

ಇಷ್ಟೆಲ್ಲಾ ಮಾಡಿ, ಅಂದ್ರೆ 1200 ಸ್ಪಿನ್ ಎರಡು ಸಲ, ಜೀನ್ಸ್ ಹೊರಗೆ, ಐರನ್ ಡ್ರೈ, ಗಾಳಿ ದಾರಿ ಕ್ಲೀನು, ಅದೇ ನಾಲ್ಕು ಕೆಜಿ ತೂಗಿ ಮತ್ತೆ ಮೀಟರ್ ನೋಡಿದೆ. 2.1 ಯೂನಿಟ್. ಎರಡು ತಾಸು ಪೋರ್ಟಿಕೋದಲ್ಲಿ ಗಾಳಿಗೆ ಹಾಕಿ ಆಮೇಲೆ ಓಡಿಸಿದ ದಿನ ಒಂದಕ್ಕಿಂತ ಸ್ವಲ್ಪ ಕಮ್ಮಿ.

ಇನ್ನ ಎರಡು ವಸ್ತುನೂ ಯಾವತ್ತೂ ಡ್ರೈಯರ್‌ಗೆ ಹಾಕ್ಬೇಡ್ರಿ. ಒಂದು ಎಣ್ಣೆ, ಬೆಣ್ಣೆ ಜಿಡ್ಡು ಹಿಡಿದ ಅಡುಗೆಮನೆ ಬಟ್ಟೆ, ಒಗೆದ ಮೇಲೂ ಎಳೇಲಿ ಜಿಡ್ಡು ಉಳಿದಿರುತ್ತೆ, ಬಿಸೀಲಿ ಒಣಗಿಸಿ ಗುಡ್ಡೆ ಹಾಕಿದ್ರೆ ತಾನೇ ಕಾದು ಬೆಂಕಿ ಹತ್ತಬಹುದು. ಅದೇ ಕಾರಣಕ್ಕೆ ಕೊನೇಲಿ ಬರೀ ತಣ್ಣನೆ ಗಾಳೀಲಿ ತಿರುಗೋ ಹತ್ತು ನಿಮಿಷಾನ ಅರ್ಜೆಂಟಲ್ಲಿ ನಿಲ್ಲಿಸಬೇಡ್ರಿ, ಡ್ರೈಯರ್ ಹಾಕಿ ಮಲಗಬೇಡ್ರಿ. ಇನ್ನೊಂದು ಕೌದಿ. ಏಳೆಂಟು ಹಳೇ ಸೀರೆ ಪದರ ಸೇರಿಸಿ ಹೊಲಿದದ್ದು, ನೆನೆದ್ರೆ ಇಬ್ಬರು ಹಿಡ್ದು ಎತ್ಬೇಕು, ಮಿಷನ್ ಬೇರಿಂಗೂ ತಡಿಯಲ್ಲ, ಮಧ್ಯದ ಪದರನೂ ಒಣಗಲ್ಲ. ನಮ್ಮವ್ವ ಅದನ್ನ ಯುಗಾದಿಗೆ ಮುಂಚೆನೇ ಒಗೆದು ಮಾಳಿಗೆ ಮೇಲೆ ಹಾಸಿಬಿಡ್ತಾರೆ, ಬೆಳಿಗ್ಗೆ ಹಾಸಿದ್ದು ಮಧ್ಯಾಹ್ನ ಮಗುಚಿ ಹಾಕಿದ್ರೆ ಸಂಜೆ ಮಡಚಿ ಇಡಬಹುದು.